ಲಿಫ್ಟರ್

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದ ಮೇಲೆ
ಇಲಿಯಾಸ್ ಸಾಬರ ರೀಲಿಂಗ್ ಶೆಡ್ಡಿನ ಹಿಂದೆ
ಮೂರು ಕುರ್ಚಿ, ಒಂದು ಮಾತು:
ದಿಬ್ಬೂರಹಳ್ಳಿಯ ಚಲಪತಿಯನ್ನು
ವಾಲಿಬಾಲ್ ಟೀಮಿಗೆ ತಗೊಳ್ಳೋದೋ, ಬೇಡವೋ.

ಖಾಲಿ ಇರುವುದು ಒಂದೇ ಜರ್ಸಿ.
ದುಡ್ಡಿರುವುದೂ ಒಂದಕ್ಕೇ.
ಹೊಸಕೋಟೆಯ ಸ್ಮ್ಯಾಷರ್ ಒಬ್ಬ, ಆರಡಿ ಮೂರಂಗುಲ,
ಬರ್ತೀನಿ ಅಂತ ಎರಡು ಸಲ ಫೋನು ಮಾಡಿದ್ದಾನೆ.

ಅಶ್ವತ್ಥರೆಡ್ಡಿ ಮೇಷ್ಟ್ರು ನೋಟುಬುಕ್ಕು ತೆರೆದರು.
ಬಿ.ಕಾಂ. ಎರಡನೇ ವರ್ಷ, ಹನ್ನೊಂದು ಪಂದ್ಯ, ಒಂಬತ್ತು ಗೆಲುವು,
ಡಬಲ್ ಟಚ್ ಎರಡೇ ಎರಡು.

"ಎದುರಿಗೆ ಯಾರಿದ್ದರು ಮೇಷ್ಟ್ರೇ?" ಸಾಬರು ಕೇಳಿದರು.
"ಟಿಫನ್ ಡಬ್ಬಿ ಹಿಡಿದು ಬರೋ ಮಕ್ಕಳು.
ಮಾಲೂರಿನ ಲೈಟಿನ ಕೆಳಗೆ, ರಾತ್ರಿ ಒಂದು ಗಂಟೆಗೆ,
ಸಾವಿರ ಜನ ಅಮ್ಮನ್ನ ಸೇರಿಸಿ ಬಯ್ಯೋವಾಗ
ಕೈ ನೆಟ್ಟಗೆ ನಿಲ್ಲುತ್ತಾ?"
ಜೇಬಿನಿಂದ ಒಂದು ಗೂಡು ತೆಗೆದು
ಕಿವಿಯ ಹತ್ತಿರ ಅಲ್ಲಾಡಿಸಿದರು.
"ಇದು ಒಳ್ಳೇದು ಅನ್ನೋದು ಬುಟ್ಟಿ ಮಾತು.
ಎಳೆ ಎಷ್ಟು ದೂರ ಹರಿಯದೆ ಬರುತ್ತೆ ಅನ್ನೋದು
ಬಿಸಿನೀರಿನ ಮಾತು."

ಇಬ್ಬರೂ ನನ್ನ ಕಡೆ ನೋಡಿದರು.
"ಪ್ಯಾರೇಜಾನ್, ನೀನೇ ಹೇಳಪ್ಪ."

ನಾನೇ ಹೇಳಬೇಕು.
ಅವನು ಬಂದು ನಿಲ್ಲುವ ಜಾಗ, ನೆಟ್ಟಿನ ಬಲಕ್ಕೆ ಒಂದು ಹೆಜ್ಜೆ,
ಅಲ್ಲಿ ಹತ್ತೊಂಬತ್ತು ವರ್ಷದಿಂದ ಹುಲ್ಲು ಹುಟ್ಟದ ಹಾಗೆ ತುಳಿದವನು ನಾನು.
ಬಾಣಲೆಯಲ್ಲಿ ಬೆಂದೂ ಬೆಂದೂ ಬೆರಳ ಗೆರೆ ಅಳಿಸಿಹೋಗಿ
ರೇಷನ್ ಅಂಗಡಿಯ ಯಂತ್ರ ನನ್ನನ್ನು ನಾನಲ್ಲ ಅನ್ನುತ್ತೆ.
ಚೆಂಡು ಮಾತ್ರ ಹಾಗೆ ಅಂದಿರಲಿಲ್ಲ.
ಈಚೆಗೆ ಅದೂ ಒಂದು ಕ್ಷಣ ಯೋಚಿಸುತ್ತೆ.

"ಹಿಂದಕ್ಕೆ ಎತ್ತುವಾಗ ಎಡಭುಜ ಮೊದಲೇ ಇಳಿಯುತ್ತೆ," ಅಂದೆ.
"ಕಣ್ಣಿದ್ದವನು ಓದಿಬಿಡ್ತಾನೆ."
ಸುಳ್ಳಲ್ಲ.
ಮೂರು ತಿಂಗಳಲ್ಲಿ ತಿದ್ದಬಹುದು ಅನ್ನುವುದನ್ನು
ಟೀಯ ಜೊತೆ ನುಂಗಿದೆ.

ಹೇಳದೆ ಉಳಿಸಿಕೊಂಡದ್ದು ಇನ್ನೊಂದು.
ಚಿಂತಾಮಣಿಯ ಫೈನಲ್, ಕೊನೆಯ ಸೆಟ್ಟು, ಹದಿಮೂರು ಹದಿನಾಲ್ಕು.
ಮೊದಲ ಪಾಸು ಕೆಟ್ಟು ಚೆಂಡು ಚರಂಡಿಯ ಕಡೆ ಹಾರಿತು.
ಹುಡುಗ ಓಡಿದ, ಜಾರಿದ, ಮಂಡಿಯ ಮೇಲೆ ಬಿದ್ದ,
ತಿರುಗಿ ನೋಡದೆ ತಲೆಯ ಮೇಲಿಂದ ಹಿಂದಕ್ಕೆ ಎತ್ತಿದ.
ಚೆಂಡು ಬಂದು ನೆಟ್ಟಿನ ಮೇಲೆ ನಿಂತಿತ್ತು.
ನಿಂತಿತ್ತು ಅಂದರೆ ನಿಂತಿತ್ತು,
ಬಸ್ಸಿಗೆ ಕಾಯುವವರ ಹಾಗೆ.
ಸ್ಮ್ಯಾಷರ್ ಹೊಡೆದದ್ದು ಹೊರಗೆ. ಸೋತರು.
ಎಲ್ಲರೂ ಆ ಹೊಡೆದವನನ್ನು ಬಯ್ಯುತ್ತಿದ್ದಾಗ
ಇವನು ಕೆಸರು ಮಂಡಿಯಲ್ಲೇ ಹೋಗಿ ಕೇಳಿದ:
"ಎತ್ತರ ಸಾಲಲಿಲ್ವೇನೋ?"

ನಾನು ಯಾವತ್ತೂ ಯಾರನ್ನೂ ಹಾಗೆ ಕೇಳಿಲ್ಲ.

"ಸರಿ, ತಗೊಳ್ಳೋಣ ಅನ್ನೋರು ಕೈ ಎತ್ತಿ," ಅಂದರು ಮೇಷ್ಟ್ರು,
ಎದುರಿಗೆ ಐವತ್ತು ಮಕ್ಕಳಿರುವ ಹಾಗೆ.
ತಮ್ಮದನ್ನು ಎತ್ತಿದರು.
ಸಾಬರ ಕೈ ಗೂಡಿನ ಮೇಲೇ ಇತ್ತು.
ಇನ್ನೊಬ್ಬ ಹೊಡೆಯಲಿ ಅಂತ ಹತ್ತೊಂಬತ್ತು ವರ್ಷ ಎತ್ತಿದ ಕೈ
ಇವತ್ತು ಎದೆಯವರೆಗೆ ಬಂದು
ಅಂಗಿಯ ಗುಂಡಿ ಹುಡುಕಿತು.

"ನಾಳೆ ಸಂಜೆ ಕರೀರಿ," ಅಂದೆ.
"ಅವನು ಎತ್ತಲಿ. ನಾನು ಹೊಡೀತೀನಿ."
ಸಾಬರು ನಕ್ಕರು. "ಆ ಮಂಡೀಲಿ? ಒಂದು ಗೇಣು ಎಗರ್ತೀಯಾ ನೀನು?"
"ಅದಕ್ಕೇ," ಅಂದೆ.
"ಒಂದು ಗೇಣು ಎಗರೋನಿಗೆ ಎಲ್ಲಿ ಇಡಬೇಕು ಅಂತ
ಅವನಿಗೆ ಗೊತ್ತಾಗುತ್ತಾ, ನೋಡೋಣ."

ಹೋಗುವ ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ನೀಕ್ಯಾಪು ಕೇಳಿದೆ.
ಒಂದು ಕಾಲಿಗಾ, ಎರಡಕ್ಕಾ ಅಂದ.
ಎರಡೂ ಕೊಡಪ್ಪ ಅಂದೆ.